ದೂರದಾರಿಯ ಮೀಸಲು ಗಾಲಿ

ನಮ್ಮ ಬಾಲ್ಯದಲ್ಲಿ ಮನೆಯ ಚಕ್ಕಡಿಯ ಕೆಳಗೆ, ಅಚ್ಚಿನ ಬಳಿಯಲ್ಲಿ, ಒಂದು ತಗಡಿನ ಡಬ್ಬಿಯೂ ಒಂದು ಗೋಣಿಚೀಲವೂ ಸದಾ ತೂಗಾಡುತ್ತಿದ್ದವು. ಡಬ್ಬಿಯಲ್ಲಿ ಕೀಲೆಣ್ಣೆ, ಚೀಲದಲ್ಲಿ ಎರಡು ಕಡೆಗೀಲು, ಒಂದು ಸುತ್ತಿಗೆ, ನಾಲ್ಕು ಮಾರು ಹಗ್ಗ. ಜಾತ್ರೆಗಾಗಲಿ ಬೀಗರ ಊರಿಗಾಗಲಿ ಹೊರಡುವ ದಿನ ನಮ್ಮ ತೀರ್ಥರೂಪರು ಎತ್ತುಗಳ ಕೊರಳಿಗೆ ಗೆಜ್ಜೆ ಕಟ್ಟುವುದಕ್ಕೆ ಮೊದಲು ಆ ಚೀಲದೊಳಗೆ ಕೈಯಿಕ್ಕಿ ಎಣಿಸಿ ನೋಡುತ್ತಿದ್ದರು. ಗಾಲಿಯು ಅಚ್ಚಿನಿಂದ ಕಳಚಿ ಹೋಗದಂತೆ ತಡೆಯುವ ಬೆರಳುದ್ದದ ಕಬ್ಬಿಣ ಆ ಕಡೆಗೀಲು. ಶರಣರ ಮಾತಿನಲ್ಲಿಯೂ ಸ್ಥಾನ ಪಡೆದ ವಸ್ತುವಾದುದರಿಂದ ಅದರ ಪರಿಚಯವನ್ನು ಈ ಪತ್ರಿಕೆಯ ಓದುಗರಿಗೆ ಹೆಚ್ಚು ಹೇಳಬೇಕಾಗಿಲ್ಲ. ಗಾಡಿಯಲ್ಲಿ ಈಗಾಗಲೇ ಎರಡು ಕೀಲುಗಳಿರುವಾಗ ಚೀಲದಲ್ಲಿ ಮತ್ತೆರಡೇಕೆಂದು ನಾವು ಕೇಳಿದ್ದುಂಟು. "ಗಾಡ್ಯಾಗಿಂದು ಗಾಡೀದು, ಚೀಲದಾಗಿಂದು ನಮ್ಮದು" ಎಂದಷ್ಟೇ ಅವರು ನುಡಿದಿದ್ದರು.

ಅರ್ಧ ಶತಮಾನಕ್ಕೂ ಮಿಗಿಲಾದ ಕಾಲದ ತರುವಾಯ, ಸಮುದ್ರದಾಚೆಯ ಆಸ್ಟ್ರೇಲಿಯ ಖಂಡದಲ್ಲಿ, ಆ ಗೋಣಿಚೀಲ ನಮಗೆ ಮತ್ತೆ ನೆನಪಿಗೆ ಬಂದಿತು. ನಮ್ಮ ಚಿರಂಜೀವಿಯು ಅಲ್ಲಿಯ ಅಡಿಲೇಡ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. 2023ರಲ್ಲಿ ನಾವು ಧರ್ಮಪತ್ನೀಸಮೇತರಾಗಿ ಕೆಲವು ತಿಂಗಳು ಅವನ ಮನೆಯಲ್ಲಿ ಇದ್ದೆವು. ಆಗಸ್ಟ್ ತಿಂಗಳು ಅಲ್ಲಿ ಚಳಿಗಾಲ. ಬೇಸಿಗೆಯಲ್ಲಿ ಮನುಷ್ಯರು ಕಾಲಿಡಲು ಅಂಜುವ ಒಳನಾಡನ್ನು ನೋಡಲು ಅದೇ ತಕ್ಕ ಋತು. ಕಾರಿನ ಹಿಂದೆ ಒಂದು ಟ್ರೇಲರನ್ನು ಕಟ್ಟಿಕೊಂಡು, ಊಡ್ನಡಾಟ ದಾರಿಯೆಂದು ಹೆಸರಾದ ಮಣ್ಣಿನ ಹಾದಿಯಲ್ಲಿ ನಮ್ಮೆಲ್ಲರನ್ನೂ ಕರೆದೊಯ್ಯಬೇಕೆಂಬುದು ಮಗನ ಬಹುದಿನದ ಆಸೆ.

ಆ ದಾರಿಯ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಅವಶ್ಯ. ಮರೀ ಎಂಬ ಪುಟ್ಟ ಊರಿನಿಂದ ಹೊರಟು, ವಿಲಿಯಂ ಕ್ರೀಕ್, ಊಡ್ನಡಾಟಗಳನ್ನು ಹಾಯ್ದು, ಮಾರ್ಲಾ ಎಂಬಲ್ಲಿ ಹೆದ್ದಾರಿಯನ್ನು ಸೇರುವ ಸುಮಾರು 620 ಕಿಲೋಮೀಟರುಗಳ ಹಾದಿ ಅದು. ಒಂದು ಊರಿಗೂ ಇನ್ನೊಂದು ಊರಿಗೂ ನಡುವೆ ಸುಮಾರು 200 ಕಿಲೋಮೀಟರು. ಊರೆಂದರೂ ಅಲ್ಲಲ್ಲಿ ಬೆರಳೆಣಿಕೆಯ ಮನೆಗಳು. 1872ರಲ್ಲಿ ಪೂರ್ಣಗೊಂಡ ತಂತಿಮಾರ್ಗವೂ, 1980ರವರೆಗೆ ಓಡಿದ ಹಳೆಯ 'ಘಾನ್' ರೈಲುಮಾರ್ಗವೂ ಈ ಹಾದಿಯ ಒತ್ತಿನಲ್ಲಿಯೇ ಸಾಗಿದ್ದವು. ಅಂದಿನ ಬ್ರಿಟಿಷ್ ಹಿಂದೂಸ್ಥಾನದಿಂದಲೂ ಆಫ್ಘಾನಿಸ್ಥಾನದಿಂದಲೂ ಬಂದ ಒಂಟೆಕಾರರು ಆ ಮರಳುಗಾಡಿನಲ್ಲಿ ಸರಕು ಸಾಗಿಸಿದರು. ಅವರ ನೆನಪೇ ಆ ರೈಲಿನ ಹೆಸರಿನಲ್ಲಿ ಉಳಿದಿದೆ. ಇಂದಿಗೂ ಹಾದಿಯ ಬಹುಭಾಗದಲ್ಲಿ ಮೊಬೈಲ್ ದೂರವಾಣಿ ಕೆಲಸ ಮಾಡುವುದಿಲ್ಲ. ಚೂಪಾದ ಕಲ್ಲು, ಅಲೆಯಲೆಯಾಗಿ ಗಟ್ಟಿಗೊಂಡ ನೆಲ, ಮೈದಾಹಿಟ್ಟಿನಂಥ ಧೂಳು. ಇಂಥಲ್ಲಿ ಟಯರು ಒಡೆದರೆ ಪಂಕ್ಚರು ಅಂಗಡಿ ಎಲ್ಲಿಯದು? ತಂದದ್ದೇ ಅಂಗಡಿ, ಇದ್ದವನೇ ಮೇಸ್ತ್ರಿ.

ಹೊರಡುವುದಕ್ಕೆ ಒಂದು ತಿಂಗಳು ಮೊದಲಿನಿಂದಲೇ ಮಗನ ಸಿದ್ಧತೆ ನಡೆದಿತ್ತು. ಟ್ರೇಲರನ್ನು ಅವನು ಯಾರಿಂದಲೋ ಎರಡನೆಯ ಕೈಯದಾಗಿ ಕೊಂಡಿದ್ದನು. ಅದರಲ್ಲಿ ಮಡಿಚಿಟ್ಟ ಗುಡಾರ, ಒಲೆ, ನೀರಿನ ತೊಟ್ಟಿ ಎಲ್ಲವೂ ಇದ್ದವು. ಒಂದು ರವಿವಾರ ಬೆಳಗ್ಗೆ ಎಳೆಬಿಸಿಲಿಗೆ ಮೈಯೊಡ್ಡಿ ಅದರ ಪಕ್ಕದಲ್ಲಿ ಕುಳಿತಿದ್ದ ನಮ್ಮ ಕಣ್ಣು ಹಿಂಬದಿಗೆ ಬಿಗಿದಿದ್ದ ಹೆಚ್ಚುವರಿ ಟಯರಿನ ಮೇಲೆ ಬಿದ್ದಿತು.

ಬರೆದದ್ದು ಕಂಡರೆ ಓದದೆ ಬಿಡಲಾರದ ಚಾಳಿ ನಮ್ಮದು. ಮಠದ ಪಾಠಶಾಲೆಯಲ್ಲಿ ನಮಗೆ ವಿದ್ಯೆ ಕರುಣಿಸಿದ ಗುರುಗಳು ತಾಳೆಗರಿಯ ಕಟ್ಟನ್ನು ಕೈಗೆ ಕೊಟ್ಟಾಗ, ಮೊದಲು ಕಡೆಯ ಗರಿಯನ್ನು ತೆಗೆದು ನೋಡಲು ಹೇಳುತ್ತಿದ್ದರು. ಲಿಪಿಕಾರನ ಹೆಸರು, ಸಂವತ್ಸರ, ಮಾಸ, ತಿಥಿಗಳು ಅಲ್ಲಿರುತ್ತವೆ. ಪ್ರತಿಯ ಕಾಲವನ್ನು ತಿಳಿಯದೆ ಪಾಠವನ್ನು ನಂಬಬಾರದೆಂಬುದು ಅವರ ಶಿಕ್ಷಣ. ಅದೇ ಅಭ್ಯಾಸದಿಂದ ನಾವು ಟಯರಿನ ಮಗ್ಗುಲಿನ ಉಬ್ಬಕ್ಷರಗಳನ್ನು ಶಾಸನವೆಂಬಂತೆ ಓದತೊಡಗಿದೆವು.

"ಅಪ್ಪಾಜಿ, ಅದನ್ನೇನು ನೋಡ್ತೀರಿ? ಅದು ಹೊಚ್ಚ ಹೊಸಾದು. ಒಮ್ಮೆನೂ ನೆಲಾ ಮುಟ್ಟಿಲ್ಲ" ಎಂದು ಮಗನು ನಕ್ಕನು. ಅವನ ಮಾತು ಸುಳ್ಳಾಗಿರಲಿಲ್ಲ. ಅಚ್ಚಿನಿಂದ ತೆಗೆದಾಗ ಉಳಿಯುವ ಕೂದಲಿನಂಥ ರಬ್ಬರಿನ ಎಳೆಗಳು ಕೂಡ ಆ ಟಯರಿನ ಮೈಮೇಲೆ ಹಾಗೆಯೇ ಇದ್ದವು. ಆದರೂ ಅಂಕಿಗಳ ಅರ್ಥವನ್ನು ಹೇಳೆಂದು ನಾವು ಪಟ್ಟು ಹಿಡಿಯಲು, ಕಾರಿನ ಟಯರನ್ನು ಮಾದರಿಯಾಗಿ ಇಟ್ಟುಕೊಂಡು ಅವನು ವಿವರಿಸಿದನು. ಅದರ ಮೇಲೆ 265/65 ಆರ್ 17 ಎಂದಿತ್ತು. ಮೊದಲನೆಯ ಅಂಕಿ ಟಯರಿನ ಅಗಲ, ಮಿಲಿಮೀಟರುಗಳಲ್ಲಿ. ಎರಡನೆಯದು ಮಗ್ಗುಲಿನ ಎತ್ತರ. ಅಗಲದ ನೂರಕ್ಕೆ 65 ಪಾಲು. 'ಆರ್' ಎಂದರೆ ರೇಡಿಯಲ್ ಕಟ್ಟು. 17 ಎಂಬುದು ಒಳಗಿನ ಉಕ್ಕಿನ ಗಾಲಿಯ ವ್ಯಾಸ, ಅಂಗುಲಗಳಲ್ಲಿ. ಮುಂದೆ 112 ಎಂಬ ಸಂಖ್ಯೆ ಭಾರದ ಸಂಕೇತ. ಆ ಒಂದು ಟಯರು 1120 ಕಿಲೋ ಹೊರಬಲ್ಲುದೆಂದು ಅದರ ತಾತ್ಪರ್ಯ. ಕೊನೆಯ ಅಕ್ಷರ ವೇಗದ ಮಿತಿಯದು. ಇದಲ್ಲದೆ ಬೇರೊಂದೆಡೆ, ಅಂಡಾಕಾರದ ಚೌಕಟ್ಟಿನಲ್ಲಿ, ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ.

ಟ್ರೇಲರಿನ ಆ 'ಹೊಚ್ಚ ಹೊಸ' ಟಯರಿನ ಮೇಲಿದ್ದ ಅಂಕಿಗಳು 2209. ಅಂದರೆ 2009ನೆಯ ವರ್ಷದ 22ನೆಯ ವಾರ. ನೆಲವನ್ನೇ ಕಾಣದ ಆ ಟಯರಿಗೆ ಹದಿನಾಲ್ಕು ವರ್ಷ ತುಂಬಿತ್ತು! ಓಡುತ್ತಿದ್ದ ಎರಡು ಟಯರುಗಳು 2014ರವು. ಮಗನು ಸುಮ್ಮನಾದನು. ಕಾರಿನ ಹೊಟ್ಟೆಯ ಕೆಳಗೆ ಸರಪಳಿಯಲ್ಲಿ ತೂಗುಬಿಟ್ಟ ಹೆಚ್ಚುವರಿ ಗಾಲಿಯನ್ನು ಇಳಿಸಿ ನೋಡೋಣವೆಂದರೆ, ಅದನ್ನು ಇಳಿಸುವ ತಿರುಪು ಧೂಳು ತುಂಕಿನಿಂದ ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟು ಒಂದು ಗಂಟೆ ಹೆಣಗಿದ ಮೇಲೆ ಗಾಲಿ ಇಳಿದು ಬಂದಿತು. ಏಳು ವರ್ಷದ ಆ ಟಯರಿನಲ್ಲಿ ಇರಬೇಕಾದ ಗಾಳಿಯ ಅರ್ಧವೂ ಇರಲಿಲ್ಲ. ಮರಳುಗಾಡಿನ ನಡುವೆ ಈ ಸಂಗತಿಗಳನ್ನು ಕಂಡುಕೊಂಡಿದ್ದರೆ ಗತಿಯೇನು ಎಂದು ನಮ್ಮ ಧರ್ಮಪತ್ನಿಯವರು ಕೇಳಿದ ಪ್ರಶ್ನೆಗೆ ಉತ್ತರ ನಮ್ಮಿಬ್ಬರಲ್ಲಿಯೂ ಇರಲಿಲ್ಲ.

ಟಯರು ಅಂಗಡಿಯ ಮೇಸ್ತ್ರಿಯು ಆ ಹಳೆಯ ಟಯರಿನ ಗಾಳಿ ತೆಗೆದು ಮಗ್ಗುಲನ್ನು ಮಂಡಿಯಿಂದ ಒತ್ತಿ ತೋರಿಸಿದನು. ಬೇಸಿಗೆಯ ಕೆರೆಯಂಗಳದಂತೆ ಸಣ್ಣ ಸಣ್ಣ ಬಿರುಕುಗಳು ಬಾಯ್ದೆರೆದವು. ಅವನು ಹೇಳಿದ ಕಾರಣವು ನಮಗೆ ಬಹಳ ಮನನೀಯವೆನಿಸಿತು. ರಬ್ಬರನ್ನು ಗಾಳಿಯ ಆಮ್ಲಜನಕವೂ ಓಜೋನೂ ಬಿಸಿಲೂ ಸದಾ ತಿನ್ನುತ್ತಿರುತ್ತವೆ. ಅದನ್ನು ತಡೆಯಲೆಂದು ತಯಾರಿಸುವಾಗಲೇ ಕೆಲವು ಮೇಣ ಮದ್ದುಗಳನ್ನು ಬೆರೆಸಿರುತ್ತಾರೆ. ಟಯರು ಉರುಳುತ್ತ ಬಾಗುತ್ತ ಇದ್ದರೆ ಆ ಮದ್ದು ಒಳಗಿನಿಂದ ಮೇಲ್ಮೈಗೆ ಒಸರಿ ಬಂದು ಕಾಪಾಡುತ್ತದೆ. ನಿಂತ ಟಯರಿಗೆ ಆ ರಕ್ಷಣೆ ಸಾಲದು. ದುಡಿಯದೆ ಇಟ್ಟದ್ದು ದುಡಿದದ್ದಕ್ಕಿಂತ ಬೇಗ ಬಿರುಕು ಬಿಡುವುದೂ ಉಂಟು. ಐದು ವರ್ಷ ದಾಟಿದ ಟಯರನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು, ಹತ್ತು ದಾಟಿದ್ದನ್ನು ಹೇಗೆ ಕಂಡರೂ ಬಳಸಬಾರದು ಎಂಬುದು ಅನೇಕ ತಯಾರಕರ ಸಲಹೆ.

ಹೇಗೂ ಹೊಸದನ್ನು ಕೊಳ್ಳುವುದು ಅನಿವಾರ್ಯವಾದ ಮೇಲೆ ಮೇಸ್ತ್ರಿಯು ಇನ್ನೊಂದು ಉಪಾಯವನ್ನು ಸೂಚಿಸಿದನು. ಟ್ರೇಲರಿನ ಗಾಲಿಗಳು ಚಿಕ್ಕವು, ಐದು ಬೋಲ್ಟಿನವು. ಕಾರಿನವು ದೊಡ್ಡವು, ಆರು ಬೋಲ್ಟಿನವು. ಕಾರಿನ ಗಾಲಿ ಟ್ರೇಲರಿಗೆ ಒದಗದು, ಟ್ರೇಲರಿನದು ಕಾರಿಗೆ ಒದಗದು. ಹೀಗಿದ್ದರೆ ಎರಡು ಹೆಚ್ಚುವರಿ ಗಾಲಿಗಳಿದ್ದೂ ಒಂದೊಂದಕ್ಕೆ ಒಂದೇ ಆಯಿತು. ಟ್ರೇಲರಿನ ಹಬ್ಬುಗಳನ್ನು ಬದಲಾಯಿಸಿ ಕಾರಿನ ಅಳತೆಯ ಗಾಲಿಗಳನ್ನೇ ಜೋಡಿಸಿದರೆ, ಎರಡು ಮೀಸಲು ಗಾಲಿಗಳು ಓಡುವ ಆರಕ್ಕೂ ಸಲ್ಲುತ್ತವೆ. ಬೋಲ್ಟುಗಳ ಸಂಖ್ಯೆಯೊಂದು ಸರಿಹೊಂದಿದರೆ ಸಾಲದು. ಅವುಗಳ ನಡುವಣ ಅಂತರ, ಗಾಲಿ ಒಳಹೊರಗೆ ಕೂರುವ ಪ್ರಮಾಣ, ಮೇಲಿನ ತಗಡಿಗೆ ತಾಗದಷ್ಟು ಎಡೆ, ಇವೆಲ್ಲವೂ ಹೊಂದಬೇಕು. ಮಗನು ಲೆಕ್ಕ ಹಾಕಿ ಒಪ್ಪಿದನು. ಟ್ರೇಲರಿಗೆ ಎರಡು, ಮೀಸಲಿಗೆ ಎರಡು, ಹೀಗೆ ನಾಲ್ಕು ಹೊಸ ಟಯರುಗಳು ಬಂದವು. ಖರ್ಚು ಸಣ್ಣದಾಗಿರಲಿಲ್ಲ. ಸೊಸೆಯು ಅಡುಗೆಮನೆಗೆ ಬೇಕೆಂದಿದ್ದ ಒಂದು ವಸ್ತುವಿನ ಖರೀದಿಯನ್ನು ತಾನಾಗಿಯೇ ಮುಂದಕ್ಕೆ ಹಾಕಿದಳು.

ಹೆಚ್ಚುವರಿ ಗಾಲಿಯನ್ನು ನಮ್ಮ ಕಡೆ 'ಸ್ಟೆಪ್ನಿ' ಎನ್ನುತ್ತೇವಷ್ಟೆ. ಇದು ಯಾವ ಭಾಷೆಯ ಪದವೆಂದು ನಾವು ಬಹುಕಾಲ ಯೋಚಿಸಿದ್ದೆವು. ಮೊದಮೊದಲಿನ ಮೋಟಾರುಗಳಿಗೆ ಹೆಚ್ಚುವರಿ ಗಾಲಿಯೇ ಇರಲಿಲ್ಲವಂತೆ. ವೇಲ್ಸ್ ಸೀಮೆಯ ಲಾನೆಥ್ಲಿ ಎಂಬ ಪಟ್ಟಣದ ಡೇವಿಸ್ ಸಹೋದರರು 1904ರಲ್ಲಿ ಅಂಥದೊಂದನ್ನು ನಿರ್ಮಿಸಿದರು. ಅವರ ಕಾರ್ಖಾನೆ ಇದ್ದ ಬೀದಿಯ ಹೆಸರು ಸ್ಟೆಪ್ನಿ. ಬೀದಿಯ ಹೆಸರು ಗಾಲಿಗೆ ಬಂದು, ಗಾಲಿಯೊಡನೆ ಸಮುದ್ರ ದಾಟಿ, ನಮ್ಮ ಲಾರಿ ಚಾಲಕರ ಬಾಯಲ್ಲಿ ನೆಲೆಗೊಂಡಿತು. ಇಂಗ್ಲಿಷರೇ ಮರೆತ ಮಾತನ್ನು ನಾವು ಇನ್ನೂ ಆಡುತ್ತಿದ್ದೇವೆ.

ಗಾಲಿಯೊಂದಿದ್ದರೆ ಆಯಿತೆ? ಅದನ್ನು ತೊಡಿಸುವ ಸಾಧನಗಳೂ ಬೇಕು. ಮಗನು ಬರೆದ ಪಟ್ಟಿಯನ್ನು ಓದಿ ಗುರುತು ಹಾಕುವ ಕೆಲಸ ನಮ್ಮ ಪಾಲಿಗೆ ಬಂದಿತು. ಟ್ರೇಲರಿನ ಕೆಳಗೆ, ಗಾಳಿ ಹೋಗಿ ತಗ್ಗಿದ ಸ್ಥಿತಿಯಲ್ಲಿಯೂ, ತೂರುವಂಥ ಜಾಕು. ಅದು ಮಣ್ಣಿನಲ್ಲಿ ಹೂತುಹೋಗದಂತೆ ಅಡಿಗೆ ಇಡುವ ದಪ್ಪ ಹಲಗೆ. ಉಳಿದ ಗಾಲಿಗಳಿಗೆ ಒತ್ತುಗೊಡುವ ಮರದ ತುಂಡುಗಳು. ನಟ್ಟುಗಳಿಗೆ ಸರಿಯಾಗಿ ಕೂರುವ ಪಾನಾ. ಬೀಗದ ನಟ್ಟು ಇದ್ದರೆ ಅದರ ಕೀಲಿ. ಕಾರಿನ ಬ್ಯಾಟರಿಯಿಂದ ನಡೆಯುವ ಕಂಪ್ರೆಸರು, ಗಾಳಿ ಅಳೆಯುವ ಮಾಪಕ. ತೂತು ಮುಚ್ಚುವ ಅಂಟುಬತ್ತಿಗಳು, ಅವನ್ನು ತೂರಿಸುವ ದಬ್ಬಳದಂಥ ಉಪಕರಣ. ಟ್ರೇಲರಿಗೆ ಒಂದು ಜೊತೆ ಬೇರಿಂಗು ಮತ್ತು ಗ್ರೀಸು. ಇವೆಲ್ಲವನ್ನೂ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ್ದಲ್ಲ. ಮನೆಯ ಮುಂದೆಯೇ ಒಮ್ಮೆ ಗಾಲಿ ಬಿಚ್ಚಿ ತೊಡಿಸಿ ನೋಡಿದೆವು. ಕಾರಿನೊಡನೆ ಬಂದಿದ್ದ ಜಾಕು ಟ್ರೇಲರಿಗೆ ಒದಗದೆಂಬುದು ಆಗಲೇ ತಿಳಿದು, ಬೇರೊಂದನ್ನು ತಂದುದಾಯಿತು.

ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡು ಹೊರಟ ಮೇಲೂ ನಮ್ಮಿಂದ ಒಂದು ಅಪರಾಧ ಘಟಿಸಿತು. ಈ ಲೇಖನವನ್ನು ಬರೆಯಲು ಅದೇ ಮುಖ್ಯ ಕಾರಣ.

ಎರಡನೆಯ ದಿನ ಮಧ್ಯಾಹ್ನ ಮೂರು ದಾಟಿದ ಮೇಲೆ ನಾವೆಲ್ಲರೂ ಮರೀ ಊರನ್ನು ತಲುಪಿದೆವು. ಕಲ್ಲುಮಣ್ಣಿನ ಹಾದಿಯಲ್ಲಿ ಟಯರಿನ ಗಾಳಿಯನ್ನು ಸ್ವಲ್ಪ ಇಳಿಸಬೇಕು. ಬಿಗಿದ ಟಯರು ಕಲ್ಲಿಗೆ ಎದುರು ನಿಂತು ಸೀಳಿಹೋಗುತ್ತದೆ. ಸಡಿಲಾದದ್ದು ಕಲ್ಲನ್ನು ಅಪ್ಪಿಕೊಂಡು ದಾಟುತ್ತದೆ. ಗಾಳಿ ಇಳಿಸಿದ ಮೇಲೆ ವೇಗವನ್ನೂ ಇಳಿಸಬೇಕು, ಇಲ್ಲವಾದರೆ ಟಯರು ಕಾಯುತ್ತದೆ. ಮಗನು ಕಾರಿನ ನಾಲ್ಕೂ ಗಾಲಿಗಳ ಗಾಳಿಯನ್ನು 38 ಪೌಂಡಿನಿಂದ 28ಕ್ಕೆ ಇಳಿಸಿ ಟ್ರೇಲರಿನ ಕಡೆಗೆ ನಡೆದನು. ನಾವು ತಂಗಬೇಕಾಗಿದ್ದ ಕವರ್ಡ್ ಸ್ಪ್ರಿಂಗ್ಸ್ ಅಲ್ಲಿಂದ ಸುಮಾರು 130 ಕಿಲೋಮೀಟರು. ಸಂಜೆಯ ಪೂಜೆಯ ಹೊತ್ತನ್ನು ತಪ್ಪಿಸದಿರುವುದು ನಮ್ಮ ಐವತ್ತು ವರ್ಷಗಳ ರೂಢಿ. "ಸಾಕು ಬಿಡು ತಮ್ಮಾ, ಆಳು ಕೂಡದ ಗಾಡಿಗೆ ಯಾಕಿಷ್ಟು ಉಪಚಾರ? ನಾಳೆ ಮುಂಜಾನೆ ನೋಡಿದರಾತು, ಹೊತ್ತು ಮುಳುಗತೈತಿ" ಎಂದೆವು. "ಐದ ನಿಮಿಷ ಅಪ್ಪಾಜಿ" ಎಂದನು. ನಾವು ಮಾತಾಡಲಿಲ್ಲ, ಮುಖವನ್ನು ಗಂಟಿಕ್ಕಿ ಕಾರಿನ ಬಾಗಿಲನ್ನು ತೆಗೆದು ಕುಳಿತೆವು. ಅವನು ಮಾಪಕವನ್ನು ಜೇಬಿಗಿಳಿಸಿ ಬಂದು ಕಾರನ್ನು ಹೊರಡಿಸಿದನು.

ಬಲಗಡೆ ಕಾಟಿ ತಂಡಾ, ಅಂದರೆ ಐರ್ ಸರೋವರದ ಬಿಳಿಯ ಉಪ್ಪಿನ ಬಯಲು ಕಾಣಿಸಿತು. ಸಮುದ್ರಮಟ್ಟಕ್ಕಿಂತ ಸುಮಾರು 15 ಮೀಟರು ಕೆಳಗಿರುವ, ಆ ಖಂಡದಲ್ಲಿಯೇ ಅತ್ಯಂತ ತಗ್ಗಿನ ನೆಲ ಆ ಸರೋವರದ್ದು. ಅದನ್ನು ದಾಟಿ ಸ್ವಲ್ಪ ದೂರ ಹೋಗಿರಬೇಕು. ಹಿಂದಿನ ಆಸನದಲ್ಲಿದ್ದ ಸೊಸೆಯು, "ಸ್ವಲ್ಪ ನಿಲ್ಲಸ್ರಿ, ಹಿಂದ ಒಂದ ಕಡೀನ ಧೂಳು ಜಾಸ್ತಿ ಕಾಣ್ತೈತ್ರಿ" ಎಂದಳು. ಇಳಿದು ನೋಡಲು ಟ್ರೇಲರಿನ ಎಡಗಡೆಯ ಟಯರು ಚಿಂದಿಚಿಂದಿಯಾಗಿ ಬರಿಯ ಉಕ್ಕಿನ ಮೇಲೆ ಉರುಳುತ್ತಿತ್ತು. ಕಾರಿನ ಗಾಲಿಯ ಗಾಳಿ ಹೋದರೆ ಚುಕ್ಕಾಣಿ ಹಿಡಿದವನ ಕೈಗೆ ತಿಳಿಯುತ್ತದೆ. ಟ್ರೇಲರಿನದು ಹೋದರೆ ತಿಳಿಯುವುದೇ ಇಲ್ಲ. ತಿಳಿಯುವಷ್ಟರಲ್ಲಿ ಟಯರು ಉಳಿದಿರುವುದಿಲ್ಲ. ಆಳು ಕೂಡದ ಗಾಡಿಯೆಂದು ನಾವು ಹಗುರಾಗಿ ನುಡಿದಿದ್ದೆವು. ಆಳು ಕೂಡದ ಕಾರಣದಿಂದಲೇ ಅದಕ್ಕೆ ಹೆಚ್ಚು ಉಪಚಾರ ಬೇಕಾಗಿತ್ತು.

ಸೂರ್ಯನು ಮುಳುಗಿದನು. ಆ ಬಯಲಿನಲ್ಲಿ ಕತ್ತಲೆಯೊಡನೆಯೇ ಚಳಿಯೂ ಇಳಿಯುತ್ತದೆ. ನಮ್ಮ ಧರ್ಮಪತ್ನಿಯವರು ಒಂಬತ್ತು ವರ್ಷದ ಮೊಮ್ಮಗನಿಗೆ ಕಂಬಳಿ ಹೊದಿಸಿದರು. ಅವನು ಬ್ಯಾಟರಿ ದೀಪ ಹಿಡಿದು ನಿಂತನು. ಟ್ರೇಲರನ್ನು ಕಾರಿನಿಂದ ಬಿಡಿಸದೆಯೇ ಇಟ್ಟು, ಉಳಿದ ಗಾಲಿಗಳಿಗೆ ಒತ್ತುಗಳನ್ನು ಕೊಟ್ಟು, ನೆಲಕ್ಕೆ ತಾಗಿದ್ದಾಗಲೇ ನಟ್ಟುಗಳನ್ನು ತುಸು ಸಡಿಲಿಸಿ, ಹಲಗೆಯ ಮೇಲೆ ಜಾಕನ್ನಿಟ್ಟು ಮಗನು ಎತ್ತಿದನು. ಮನೆಯ ಮುಂದೆ ಒಮ್ಮೆ ಮಾಡಿ ನೋಡಿದ್ದ ಕೆಲಸವಾದುದರಿಂದ ಕೈ ತಡಕಾಡಲಿಲ್ಲ. ಹೊಸ ಗಾಲಿಯನ್ನು ತೊಡಿಸಿ, ನಟ್ಟುಗಳನ್ನು ಸುತ್ತಿನ ಕ್ರಮದಲ್ಲಿ ಬಿಗಿಯದೆ ಒಂದಕ್ಕೆದುರು ಒಂದರಂತೆ ಬಿಗಿದನು. ಮುಕ್ಕಾಲು ಗಂಟೆ ಹಿಡಿಯಿತು. ಆ ಜಾಗದಲ್ಲಿ 2009ರ ಆ ಟಯರು ಇದ್ದಿದ್ದರೆ ಎಂದು ನೆನೆದು ನಮ್ಮ ಮೈ ಒಮ್ಮೆ ನಡುಗಿತು.

ಕೆಲಸ ಮುಗಿಯುವ ಹೊತ್ತಿಗೆ ಎದುರಿನಿಂದ ದನಗಾಹಿಗಳ ವಾಹನವೊಂದು ಬಂದು ನಿಂತಿತು. ಆ ಹಾದಿಯಲ್ಲಿ ನಿಂತವರನ್ನು ವಿಚಾರಿಸದೆ ಮುಂದೆ ಹೋಗುವುದಿಲ್ಲ, ಅದು ಅಲ್ಲಿಯ ಧರ್ಮ. ನರೆಗಡ್ಡದ ಆ ಹಿರಿಯನು ನೀರಿದೆಯೇ ಎಂದು ಮೊದಲು ಕೇಳಿದನು. ಆಮೇಲೆ ಟ್ರೇಲರಿನ ಇನ್ನೊಂದು ಟಯರನ್ನು ಬೂಟಿನಿಂದ ಒತ್ತಿ ನೋಡಿ, ಇದರ ಗಾಳಿಯನ್ನು ಇಳಿಸಿಯೇ ಇಲ್ಲವಲ್ಲ ಎಂದನು. ಮಗನು ತಲೆ ತಗ್ಗಿಸಿ, "ನಾನು ಮರೆತೆ" ಎಂದು ಉತ್ತರವಿತ್ತನು. ದೀಪ ಹಿಡಿದಿದ್ದ ಮೊಮ್ಮಗನು ತಂದೆಯ ಮುಖವನ್ನೊಮ್ಮೆ, ನಮ್ಮ ಮುಖವನ್ನೊಮ್ಮೆ ನೋಡಿದನು. ಆ ಮಗುವಿನ ಕಣ್ಣನ್ನು ಎದುರಿಸಲು ನಮಗೆ ಆಗಲಿಲ್ಲ. ನಮಗೆ ಬರುವ ಹರಕು ಇಂಗ್ಲಿಷಿನಲ್ಲಿ, ಇವನು ಮರೆತದ್ದಲ್ಲ, ನಾವು ತಡೆದದ್ದು ಎಂದು ಹೇಳಿದೆವು. ಆ ಹಿರಿಯನು ನಕ್ಕು, ನಿಮ್ಮ ಮಗ ಗಾಲಿಯನ್ನು ಚೆನ್ನಾಗಿ ಬಿಗಿದಿದ್ದಾನೆ ಎಂದು ಹೇಳಿ ಹೊರಟುಹೋದನು.

ಅಂದಿನ ಪೂಜೆ ನಡೆದದ್ದು ರಾತ್ರಿ ಒಂಬತ್ತರ ಮೇಲೆ, ರೈಲಿನ ಕಾಲದ ಖರ್ಜೂರದ ಮರಗಳ ಕೆಳಗೆ. ಎಲ್ಲರೂ ಮಲಗಿದ ಮೇಲೆ ಬೆಂಕಿಯ ಬಳಿ ಕುಳಿತು, "ತಪ್ಪು ನಮ್ಮದು ತಮ್ಮಾ" ಎಂದು ಮಗನಿಗೆ ಹೇಳಿದೆವು. ಅವನು ಬಹಳ ಹೊತ್ತು ಕೆಂಡವನ್ನು ಕೆದಕುತ್ತಿದ್ದು, "ನೀವು ಹೇಳಿದ್ರಿ, ಖರೆ. ಕೇಳಿದಾವ ನಾನಲ್ರಿ? ನೀವು ಸಿಟ್ಟಾಗ್ತೀರಿ ಅಂತ ಸುಮ್ಮನಾದೆ" ಎಂದನು. ನಲವತ್ತರ ಹೊಸ್ತಿಲಲ್ಲಿರುವ, ಸ್ವತಃ ತಂದೆಯಾದ ಮಗ, ತನ್ನ ಮಡದಿ ಮಕ್ಕಳು ಕುಳಿತ ಗಾಡಿಯ ಕ್ಷೇಮಕ್ಕಿಂತ ನಮ್ಮ ಮುಖದ ಗಂಟಿಗೆ ಹೆಚ್ಚು ಅಂಜಿದನು! ಹಿರಿಯರ ಮಾತನ್ನು ಮೀರಬಾರದೆಂದು ನಾವೇ ಅವನಿಗೆ ಕಲಿಸಿದ್ದೆವು. ಹಿರಿಯರು ಅರಿಯದ ವಿಷಯದಲ್ಲಿ ಬಾಯಿ ಹಾಕಬಾರದೆಂಬುದನ್ನು ನಮಗೆ ನಾವು ಕಲಿಸಿಕೊಂಡಿರಲಿಲ್ಲ.

ಮರುದಿನದಿಂದ ಒಂದು ಏರ್ಪಾಡಾಯಿತು. ಚುಕ್ಕಾಣಿ ಹಿಡಿದವನ ಮಾತೇ ಗಾಲಿಯ ವಿಷಯದಲ್ಲಿ ಕಡೆಯ ಮಾತು. ಬೆಳಗ್ಗೆ ಪಟ್ಟಿಯನ್ನು ಗಟ್ಟಿಯಾಗಿ ಓದುವುದಷ್ಟೇ ನಮ್ಮ ಕೆಲಸ. ನಿಂತಾಗಲೆಲ್ಲ ಮೊಮ್ಮಗನು ಆರೂ ಗಾಲಿಗಳನ್ನು ಕೈಮುಟ್ಟಿ ನೋಡುವನು. ಒಂದು ಉಳಿದವುಗಳಿಗಿಂತ ಹೆಚ್ಚು ಬಿಸಿಯಾಗಿದ್ದರೆ ಕೂಗಿ ಹೇಳುವನು. ಸುಮಾರು 75 ಕಿಲೋಮೀಟರು ಸಾಗಿ ವಿಲಿಯಂ ಕ್ರೀಕನ್ನು ತಲುಪಿದಾಗ, ಹೊಸದಾಗಿ ತೊಡಿಸಿದ ಗಾಲಿಯ ನಟ್ಟುಗಳನ್ನು ಮತ್ತೆ ಬಿಗಿಯಬೇಕೆಂದು ಪಟ್ಟಿಯಲ್ಲಿದ್ದುದನ್ನು ಓದಿದೆವು. ಎರಡು ನಟ್ಟುಗಳು ಕಾಲು ಸುತ್ತು ತಿರುಗಿದವು. ಮೀಸಲು ಒಂದೇ ಉಳಿದುದರಿಂದ ವೇಗವನ್ನು ಇನ್ನೂ ತಗ್ಗಿಸಿದೆವು. ಅಲ್ಜಿಬಕಿನಾ ಎಂಬಲ್ಲಿ ನಿಂತಿರುವ, 578 ಮೀಟರು ಉದ್ದದ ಹಳೆಯ ರೈಲು ಸೇತುವೆಯ ಬಳಿ ಕಾರಿನ ಒಂದು ಟಯರಿಗೆ ಚೂರು ಕಲ್ಲು ಹೊಕ್ಕಿತು. ತೂತು ನಡುಪಟ್ಟಿಯಲ್ಲಿ ಇದ್ದುದರಿಂದ, ಗಾಲಿಯನ್ನು ಬಿಚ್ಚದೆಯೇ ಅಂಟುಬತ್ತಿ ತೂರಿಸಿ ಮುಚ್ಚಿದೆವು. ಮಗ್ಗುಲಿನಲ್ಲಿ ಆಗಿದ್ದರೆ ಬತ್ತಿ ನಿಲ್ಲುತ್ತಿರಲಿಲ್ಲ. ಅಂದು ಸಂಜೆ ಊಡ್ನಡಾಟ ತಲುಪಿದೆವು. 1960ರ ಜನವರಿ 2ರಂದು 50.7 ಡಿಗ್ರಿ ಉಷ್ಣತೆ ದಾಖಲಾದ ಊರು ಅದು. ಮೂರನೆಯ ದಿನ ಮಾರ್ಲಾದಲ್ಲಿ ಡಾಂಬರು ರಸ್ತೆ ಕಂಡಾಗ, ಆ ಉಳಿದ ಮೀಸಲು ಗಾಲಿ ಬಿಗಿದಲ್ಲಿಯೇ ಇತ್ತು.

ಊರಿಗೆ ಮರಳಿದ ಮೇಲೆ, 2024ರಲ್ಲಿ, ಬಂಧುಗಳೊಡನೆ ಬಾಡಿಗೆಯ ವಾಹನವೊಂದರಲ್ಲಿ ಜಾತ್ರೆಗೆ ಹೊರಟಿದ್ದೆವು. ಹನ್ನೆರಡು ಜನ, ಅದರಲ್ಲಿ ಐವರು ಮಕ್ಕಳು. ಹತ್ತುವ ಮುನ್ನ ಸ್ಟೆಪ್ನಿಯನ್ನು ತೋರಿಸೆಂದು ಚಾಲಕನನ್ನು ಕೇಳಿದೆವು. "ಅಜ್ಜಾರ, ಅದು ಹೊಸಾದೈತ್ರಿ, ಇನ್ನಾ ನೆಲಾ ಮುಟ್ಟಿಲ್ರಿ" ಎಂದನು. ಕನ್ನಡಕವನ್ನು ಏರಿಸಿಕೊಂಡು ಓದಿದೆವು: 0812. ಗಾಳಿಯೂ ಇರಲಿಲ್ಲ. ಆ ಹುಡುಗನ ಮೇಲೆ ನಾವು ಸಿಟ್ಟಾಗಲಿಲ್ಲ. ಅವನನ್ನು ಬಳಿಗೆ ಕರೆದು ನಾಲ್ಕು ಅಂಕಿಗಳ ಅರ್ಥವನ್ನು ಹೇಳಿಕೊಟ್ಟೆವು. ಒಂದು ತಾಸು ತಡವಾಯಿತು. ಬೇರೆ ಗಾಲಿ ಬಂದ ಮೇಲೆ ಹೊರಟೆವು.

ನಮ್ಮ ಮನೆಗಳಲ್ಲಿ ಈಗ ಕಾರುಗಳಿಗೆ ಕೊರತೆಯಿಲ್ಲ. ಟಯರು ರಿಪೇರಿಯ ಸಾಮಗ್ರಿಯೂ ಗಾಳಿಯ ಒತ್ತಡ ತಿಳಿಸುವ ಯಂತ್ರವೂ ಇದ್ದರೆ ಸ್ಟೆಪ್ನಿ ಇಲ್ಲದೆಯೂ ಕಾರು ಮಾರಬಹುದೆಂದು 2020ರಲ್ಲಿ ಕೇಂದ್ರ ಸರಕಾರ ನಿಯಮ ಮಾಡಿದೆ. ತಮ್ಮ ಗಾಡಿಯಲ್ಲಿ ಏನಿದೆಯೆಂದು ಎಷ್ಟು ಜನ ತೆರೆದು ನೋಡಿದ್ದಾರೆ? ಓದುಗ ಬಂಧುಗಳೇ, ಈ ಸಂಚಿಕೆಯನ್ನು ಕೆಳಗಿಟ್ಟ ಮೇಲೆ ಒಮ್ಮೆ ಅಂಗಳಕ್ಕೆ ಹೋಗಿ ಆ ನಾಲ್ಕು ಅಂಕಿಗಳನ್ನು ಓದಿರಿ. ಕಣ್ಣು ಮಂಜಾಗಿದ್ದರೆ ಮೊಮ್ಮಕ್ಕಳಿಂದ ಓದಿಸಿರಿ. ಗಾಳಿಯ ವಿಷಯವನ್ನು ಮಾತ್ರ ಗಾಡಿ ನಡೆಸುವವರಿಗೆ ಬಿಡಿರಿ.